ಕೆಂಪು ಪೈಪು, ಹಳದಿ ಪೈಪು

ಗೊತ್ತಿಲ್ಲದ ವಿಷಯಗಳಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ. ತೊಂದರೆ ಶುರುವಾಗುವುದು ಯಾರಾದರೂ ಅವನ್ನು ನನಗೆ ಬಿಡಿಸಿ ಹೇಳಿದ ಮೇಲೆ. ಯೋಕೋಹಾಮಾಕ್ಕೆ ಬಂದ ಹೊಸದರಲ್ಲಿ ಕಸ ವಿಂಗಡಿಸುವ ಕ್ರಮ ತಿಳಿಯದಿದ್ದಾಗ, ಎದುರುಮನೆಯಾಕೆ ಯಾವ ದಿನ ಯಾವ ಚೀಲ ಹೊರಗಿಡುತ್ತಾರೆಂದು ಕಿಟಕಿಯಿಂದ ನೋಡಿ ಅಂಥದೇ ಚೀಲ ನಾನೂ ಇಟ್ಟು ನೆಮ್ಮದಿಯಾಗಿದ್ದೆ. ಆಮೇಲೆ ವಾರ್ಡ್ ಕಚೇರಿಯ ಹೆಣ್ಣುಮಗಳೊಬ್ಬಳು ನಗುನಗುತ್ತಾ ಎಲ್ಲವನ್ನೂ ವಿವರಿಸಿದಳು. ಅಂದಿನಿಂದ ಮೊಸರಿನ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು, ಇದು ಪ್ಲಾಸ್ಟಿಕ್ಕೋ ಕಾಗದವೋ ಎಂದು ಅಡುಗೆಮನೆಯ ನಡುವೆ ನಿಂತುಬಿಡುವುದು ಅಭ್ಯಾಸವಾಗಿದೆ. ನಮ್ಮತ್ತೆ ಹೋಳಿಗೆಯ ಹದ ಹೇಳಿಕೊಟ್ಟ ಮೇಲೆ ನನ್ನ ಹೋಳಿಗೆ ಹರಿಯತೊಡಗಿದ್ದೂ ಹೀಗೆಯೇ. ಆದ್ದರಿಂದ ಕಳೆದ ವರ್ಷ ಒಂದು ಸಂಜೆ ನಮ್ಮವರು, "ಆಕ್ಟೇನ್ ಅಂದ್ರೆ ಏನು ಅಂತ ಗೊತ್ತಾ ನಿಂಗೆ?" ಎಂದು ಕೇಳಿದಾಗ, "ಓ, ಗೊತ್ತು" ಎಂದು ಹೇಳಿ ಪಾರಾಗಬೇಕಿತ್ತು. ಮೂಲಂಗಿ ಹೆಚ್ಚುತ್ತಿದ್ದೆ, ಗಮನ ಅಲ್ಲಿರಲಿಲ್ಲ, "ಇಲ್ಲ" ಅಂದುಬಿಟ್ಟೆ.

ನಮ್ಮವರು, ಅಂದರೆ ಸುಧೀಂದ್ರ, ಕಾನಾಗಾವಾದ ಒಂದು ಕಂಪನಿಯಲ್ಲಿ ಎಂಜಿನ್ ಟ್ಯೂನಿಂಗ್ ಮಾಡುವ ಎಂಜಿನಿಯರು. ಗಾಜಿನ ಆಚೆ ಒಂದು ಎಂಜಿನ್ನು ದಿನವಿಡೀ ಅರಚಿಕೊಳ್ಳುತ್ತಿರುತ್ತದೆ, ಗಾಜಿನ ಈಚೆ ಇವರು ಕಂಪ್ಯೂಟರ್ ಮುಂದೆ ಕೂತು ಅದರ ಕಷ್ಟಸುಖ ವಿಚಾರಿಸುತ್ತಿರುತ್ತಾರೆ. ಮನೆಯಲ್ಲಿ ನಾನು ಅರಚಿಕೊಂಡರೆ ಇಷ್ಟು ಗಮನ ಸಿಗುವುದಿಲ್ಲ ಎಂಬುದು ನನ್ನ ಹಳೆಯ ದೂರು, ಅದು ಇರಲಿ. ಇಷ್ಟು ವರ್ಷ ಕಂಪನಿಯ ಎಂಜಿನ್ನುಗಳನ್ನು ಸಾಕಿದವರಿಗೆ ತಮ್ಮದೇ ಆದ ಒಂದು ಬೇಕೆಂಬ ಆಸೆ ಹುಟ್ಟಿತು. ನಮ್ಮಲ್ಲಿದ್ದ ಬೆಳ್ಳಿಬಣ್ಣದ ಸಾಧು ವ್ಯಾನನ್ನು ಯಾರಿಗೋ ಕೊಟ್ಟು, ನಮ್ಮ ಮದುವೆಗಿಂತ ಹಳೆಯದಾದ ಒಂದು ನೀಲಿ ಟರ್ಬೋ ಕಾರನ್ನು ತಂದು ನಿಲ್ಲಿಸಿದರು. ಹಿಂಭಾಗದಲ್ಲಿ ಬಟ್ಟೆ ಒಣಹಾಕಲು ಹೇಳಿ ಮಾಡಿಸಿದಂಥ ರೆಕ್ಕೆ, ನೆಲಕ್ಕೆ ತಗುಲುವಂಥ ಸೀಟು, ಒಳಗೆ ಕೂತರೆ ಹೊರಗಿನವರ ಮೊಣಕಾಲು ಮಾತ್ರ ಕಾಣುವಷ್ಟು ತಗ್ಗು. "ಇದು ಪರ್ಫಾರ್ಮೆನ್ಸ್ ಕಾರು ಕಣೇ" ಎಂದರು. ನಾನು ಒಂದು ವಾರ ಮಾತು ಬಿಟ್ಟೆ. ಒಳಗೆ ಏಲಕ್ಕಿ ಬಾಳೆಹಣ್ಣಿನ ಗೊನೆ ಇಡಲೂ ಜಾಗವಿಲ್ಲದ ಕಾರಿನ ಪರ್ಫಾರ್ಮೆನ್ಸನ್ನು ತೆಗೆದುಕೊಂಡು ಏನು ಮಾಡಲಿ ಎಂಬುದು ನನ್ನ ವಾದವಾಗಿತ್ತು. ಮಾತು ಬಿಟ್ಟಿದ್ದರಿಂದ ಅದನ್ನು ಮಗಳ ಮೂಲಕ ಹೇಳಿಸಿದೆ. ಹನ್ನೊಂದರ ಇಂಚರಾ ನನ್ನ ಮಾತನ್ನೆಲ್ಲ ಕನ್ನಡದಲ್ಲಿ ಕೇಳಿಸಿಕೊಂಡು ಅಪ್ಪನಿಗೆ ಇಂಗ್ಲಿಷಿನಲ್ಲಿ, "Amma is angry" ಎಂದಷ್ಟೇ ತಲುಪಿಸಿದಳು.

ಆದರೆ ಈ ಊರಿನಲ್ಲಿ ಗಂಡಸರು ಟ್ರೇನಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಭಾನುವಾರ ಬಿಟ್ಟು ಉಳಿದೆಲ್ಲ ದಿನ ಆ ಕಾರು ನನ್ನ ಪಾಲಿಗೇ ಬಂತು. ಇಂಚರಾಳ ಈಜಿನ ಕ್ಲಾಸು, ತೊಗರಿಬೇಳೆ ಸಿಗುವ ಅಂಗಡಿ, ಹಲ್ಲಿನ ಡಾಕ್ಟರು, ಎಲ್ಲದಕ್ಕೂ ಅದೇ. ಮೈಸೂರಿನಲ್ಲಿ ಅಪ್ಪನ ಹಳೇ ಕಾರಿನಲ್ಲಿ ಗೇರು ಹಾಕಲು ಕಲಿತಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಈಜಿನ ಕ್ಲಾಸಿನ ಹೊರಗೆ ಗೇರು ಬದಲಿಸುತ್ತಾ ಬಂದು ನಿಂತ ನನ್ನನ್ನು ನೋಡಿ ಉಳಿದ ತಾಯಂದಿರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು "ಸುಗೋಯ್", ಅಂದರೆ ಭಲೇ, ಎಂದರು. ನನಗೆ ಜನ್ಮದಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ನಮ್ಮ ಬಡಾವಣೆ ಗುಡ್ಡದ ಮೇಲಿದೆ. ಕೆಳಗಿನ ಸಿಗ್ನಲ್ಲಿನಿಂದ ಎರಡನೇ ಗೇರಿನಲ್ಲಿ ಹತ್ತುವಾಗ ಆ ಟರ್ಬೋ ಒಮ್ಮೆ ಉಸಿರೆಳೆದುಕೊಂಡು ಬೆನ್ನನ್ನು ಸೀಟಿಗೆ ಒತ್ತುತ್ತದಲ್ಲ, ಆ ಕ್ಷಣದಲ್ಲಿ ಸಿಂಕಿನಲ್ಲಿ ಬಿದ್ದ ಪಾತ್ರೆ, ಅರ್ಥವಾಗದ ಸ್ಕೂಲಿನ ನೋಟಿಸು, ಊರಿಗೆ ಫೋನ್ ಮಾಡಿಲ್ಲವೆಂಬ ಅಪರಾಧ ಎಲ್ಲವೂ ಹಿಂದಿನ ಸೀಟಿಗೆ ಹೋಗಿ ಬೀಳುತ್ತಿದ್ದವು. ಮಗಳನ್ನು ಕ್ಲಾಸಿಗೆ ಬಿಟ್ಟು, ಅದು ಮುಗಿಯುವವರೆಗೆ ನಾನು ಸುಮ್ಮನೆ ಸಮುದ್ರದ ಪಕ್ಕದ ರಸ್ತೆಯಲ್ಲಿ ಹೋಗಿ ಬರಲು ಶುರು ಮಾಡಿದೆ. ಇದನ್ನು ಮನೆಯಲ್ಲಿ ಹೇಳಲಿಲ್ಲ. ಬೇಡವೆಂದು ಮಾತು ಬಿಟ್ಟವಳು, ಈಗ ಇದಿಲ್ಲದೆ ನನಗೆ ವಾರ ಕಳೆಯುವುದಿಲ್ಲ ಎಂದು ಯಾವ ಮುಖದಲ್ಲಿ ಹೇಳಲಿ.

ಇರಲಿ, ಆಕ್ಟೇನಿಗೆ ಬರುತ್ತೇನೆ. ಮೂಲಂಗಿಯ ಪಕ್ಕ ನಿಂತು ನಮ್ಮವರು ಹೇಳಿದ್ದು ಇಷ್ಟು: "ಪೆಟ್ರೋಲು ಸ್ಪಾರ್ಕ್ ಬಿದ್ದಾಗ ಉರೀಬೇಕು. ಟರ್ಬೋ ಎಂಜಿನ್ನಲ್ಲಿ ಪ್ರೆಶರ್ ಜಾಸ್ತಿ. ಆಕ್ಟೇನ್ ಕಮ್ಮಿ ಇರೋ ಪೆಟ್ರೋಲು ಆ ಪ್ರೆಶರ್‌ಗೆ ತಾನಾಗೇ ಹತ್ಕೊಂಡುಬಿಡತ್ತೆ. ಅದೇ ನಾಕಿಂಗು. ಕಿಣಿಕಿಣಿ ಅಂತ ಸೌಂಡ್ ಬರತ್ತೆ, ಎಂಜಿನ್‌ಗೆ ಒಳ್ಳೇದಲ್ಲ."

"ಪಂಕ್ತೀಲಿ ಎಲ್ರಿಗೂ ಬಡಿಸಿ ಮುಗಿಸೋಕೆ ಮುಂಚೇನೇ ಒಬ್ರು ಊಟ ಶುರು ಮಾಡ್ಬಿಡ್ತಾರಲ್ಲ, ಹಾಗಾ?"

"ಎಕ್ಸಾಕ್ಟ್ಲಿ. ಅಂದ್ರೆ ಆಕ್ಟೇನ್ ಜಾಸ್ತಿ ಅಂದ್ರೆ ಪವರ್ ಜಾಸ್ತಿ ಅಲ್ಲ, ತಾಳ್ಮೆ ಜಾಸ್ತಿ. ತಾಳ್ಮೆ ಇರೋ ಪೆಟ್ರೋಲ್ ಇದ್ರೆ ನಾವು ಸ್ಪಾರ್ಕ್ ಇನ್ನೂ ಸ್ವಲ್ಪ ಮುಂಚೆ ಕೊಡಬಹುದು, ಟರ್ಬೋ ಪ್ರೆಶರ್ ಏರಿಸಬಹುದು. ಪವರ್ ಬರೋದು ಅದರಿಂದ."

ಇಲ್ಲಿಯವರೆಗೆ ಅರ್ಥವಾಗಿತ್ತು. ನಾನು ಅಲ್ಲಿಗೇ ಬಿಟ್ಟಿದ್ದರೆ ಹಾಗೇ ಉಳಿಯುತ್ತಿತ್ತೋ ಏನೋ. ಆದರೆ ಯೋಚಿಸಿದಷ್ಟೂ ಗಂಟು ಬಿಗಿಯಾಯಿತು. ಮುಂಚೆ ಹತ್ತಿಕೊಂಡರೆ ಕೆಟ್ಟದ್ದು, ಮುಂಚೆ ಹತ್ತಿಸಿದರೆ ಒಳ್ಳೆಯದು. ಪೆಟ್ರೋಲಿನಲ್ಲಿ ಪವರ್ ಇಲ್ಲ, ಬರೀ ತಾಳ್ಮೆಯಿದೆ, ಅದರ ತಾಳ್ಮೆಯನ್ನು ನೋಡಿಕೊಂಡು ಬೇರೆಯವರು ಅದರ ಮೇಲೆ ಇನ್ನಷ್ಟು ಒತ್ತಡ ಹಾಕಿ ಪವರ್ ತೋರಿಸುತ್ತಾರೆ. ಇದು ಎಂಜಿನ್ನಿನ ಕಥೆಯೋ ನನ್ನ ಕಥೆಯೋ ಎಂದು ಅನುಮಾನವಾಗಿ ನಾನು ಮೂಲಂಗಿಯನ್ನು ಸ್ವಲ್ಪ ಜೋರಾಗಿಯೇ ಹೆಚ್ಚಿದೆ. ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದು, "ಅದಕ್ಕೇ ಈ ಕಾರಿಗೆ ಹೈಓಕು ಹಾಕಿದ್ರೆ ಒಳ್ಳೇದು" ಎಂದು ಮುಗಿಸಿದರು. ಹೈಓಕು ಎಂದರೆ ಇಲ್ಲಿ ಹೆಚ್ಚು ಆಕ್ಟೇನಿನ ಪೆಟ್ರೋಲು. ಬಂಕಿನಲ್ಲಿ ಅದಕ್ಕೆ ಹಳದಿ ಪೈಪು, ಸಾಧಾರಣದ್ದಕ್ಕೆ ಕೆಂಪು ಪೈಪು.

ಈಗ ನೀವೇ ಹೇಳಿ, "ಹಾಕಿದ್ರೆ ಒಳ್ಳೇದು" ಎಂದರೆ ಏನರ್ಥ? ದಿನಾ ನಾಲ್ಕು ಬಾದಾಮಿ ತಿಂದರೆ ಒಳ್ಳೆಯದು, ಬೆಳಗ್ಗೆ ಬೇಗ ಎದ್ದರೆ ಒಳ್ಳೆಯದು, ವಾರಕ್ಕೊಮ್ಮೆ ಎಣ್ಣೆನೀರು ಹಾಕಿಕೊಂಡರೆ ಒಳ್ಳೆಯದು ಎನ್ನುವ ಸಾಲಿಗೆ ನಾನು ಅದನ್ನೂ ಸೇರಿಸಿಕೊಂಡೆ. ನಮ್ಮಪ್ಪ ವರ್ಷಪೂರ್ತಿ ಸ್ಕೂಟರಿಗೆ ಮಾಮೂಲಿ ಪೆಟ್ರೋಲು ಹಾಕಿಸಿ, ಆಯುಧಪೂಜೆಯ ದಿನ ಮಾತ್ರ ಕುಂಬಳಕಾಯಿ ಒಡೆದು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ ಸ್ಪೆಷಲ್ ಪೆಟ್ರೋಲು ಕುಡಿಸುತ್ತಿದ್ದರು. "ಇವತ್ತು ಅದಕ್ಕೂ ಹಬ್ಬ" ಎನ್ನುತ್ತಿದ್ದರು. ಆ ಸ್ಕೂಟರು ಅಪ್ಪ ನಿವೃತ್ತರಾಗುವವರೆಗೂ ಚೆನ್ನಾಗಿಯೇ ಓಡಿತು. ಟಾನಿಕ್ಕನ್ನು ದಿನಾ ಕುಡಿಸಿದರೆ ಮೈಗೆ ಒಗ್ಗಿಹೋಗಿ ಬೇಕಾದಾಗ ಕೆಲಸ ಮಾಡುವುದಿಲ್ಲ ಎಂದು ಅಮ್ಮನೂ ಹೇಳುತ್ತಿದ್ದಳು. ಹೀಗೆ ತವರಿನ ಎರಡೂ ಕಡೆಯ ಜ್ಞಾನವನ್ನು ಸೇರಿಸಿ ನಾನೊಂದು ಪದ್ಧತಿ ಮಾಡಿಕೊಂಡೆ. ಕಾರು ಗೆಲುವಾಗಿದ್ದರೆ ಕೆಂಪು ಪೈಪು. ಮಂಕಾಗಿದ್ದರೆ ಹಳದಿ ಪೈಪು. ಪೆಟ್ರೋಲಿನ ಮುಚ್ಚಳದ ಹಿಂದೆ ಹೈಓಕು ಎಂದು ಒಂದು ಚೀಟಿ ಅಂಟಿಸಿದ್ದರು ನಿಜ. ಈ ದೇಶದಲ್ಲಿ ಎಸ್ಕಲೇಟರಿನಿಂದ ಹಿಡಿದು ಹಾಲಿನ ಡಬ್ಬಿಯವರೆಗೆ ಎಲ್ಲದರ ಮೇಲೂ ಏನಾದರೊಂದು ಸಲಹೆ ಅಂಟಿಸಿರುತ್ತಾರೆ, ಎಲ್ಲವನ್ನೂ ಪಾಲಿಸುತ್ತಾ ಕೂತರೆ ಮನೆಗೆ ಬಂದು ಅಡುಗೆ ಮಾಡುವವರು ಯಾರು.

ಮೊದಮೊದಲು ನನ್ನ ಪದ್ಧತಿ ಚೆನ್ನಾಗಿಯೇ ನಡೆಯಿತು. ಆಮೇಲೆ ಕಾರು ವಿಚಿತ್ರವಾಗಿ ಆಡತೊಡಗಿತು. ಒಂದು ವಾರ ಗುಡ್ಡವನ್ನು ನಗುನಗುತ್ತಾ ಹತ್ತುವುದು. ಇನ್ನೊಂದು ವಾರ ಅದೇ ಗುಡ್ಡದಲ್ಲಿ, ಹಿಂದಿನ ಸೀಟಿನಲ್ಲಿ ನಮ್ಮ ಬೀಗರೆಲ್ಲ ಕೂತಿರುವ ಹಾಗೆ ಏದುಸಿರು ಬಿಡುವುದು. ಮಂಕಾಯಿತಲ್ಲ ಪಾಪ ಎಂದು ಹಳದಿ ಪೈಪು ಹಾಕಿದರೆ ಆಗಲೂ ಮಂಕೇ. ಪಥ್ಯ ಬಿಡದೆ ಮತ್ತೊಮ್ಮೆ ಹಳದಿಯೇ ಹಾಕಿದರೆ ಸೋಮವಾರ ಬೆಳಗ್ಗೆ ಇದ್ದಕ್ಕಿದ್ದಂತೆ ಹುಲಿ. ಅಬ್ಬ, ಟಾನಿಕ್ಕು ಈಗ ಹತ್ತಿತು ಎಂದು ಖುಷಿಯಾಗಿ ಕೆಂಪಿಗೆ ಮರಳಿದರೆ ಎರಡು ದಿನದಲ್ಲಿ ಒಳಗಿನಿಂದ ಕಿಣಿಕಿಣಿ. ಯಾವಾಗಲೂ ಸೋಮವಾರವೇ ಅದರ ಬುದ್ಧಿ ಬದಲಾಗುತ್ತಿದ್ದುದನ್ನು ಗಮನಿಸಿ ನಾನು ವಾರದ ಲೆಕ್ಕ ಹಾಕಿದೆ, ಅಮಾವಾಸ್ಯೆ ನೋಡಿದೆ, ಗುರುವಾರ ತರುವ ಅಕ್ಕಿಮೂಟೆಯ ಮೇಲೆ ಅನುಮಾನಪಟ್ಟೆ. ಒಮ್ಮೆ ಇಂಚರಾಳನ್ನು, "ನೀನೇನಾದ್ರೂ ದಪ್ಪ ಆಗ್ತಿದೀಯೇನೇ?" ಎಂದು ಕೇಳಿದ್ದಕ್ಕೆ ಅವಳು ಆ ದಿನವೆಲ್ಲ ಜಪಾನಿ ಭಾಷೆಯಲ್ಲಿ ಮುನಿಸಿಕೊಂಡಳು.

ನಮ್ಮವರಿಗೆ ಹೇಳಬಹುದಿತ್ತು. ಪ್ರತಿ ಸಂಜೆ ಅವರು ಟೈ ಬಿಚ್ಚುತ್ತಾ ಕೇಳುತ್ತಿದ್ದ ಮೊದಲ ಪ್ರಶ್ನೆಯೇ, "ಕಾರ್ ಹೇಗಿತ್ತು ಇವತ್ತು?" ನಾನು ಪ್ರತಿ ಸಂಜೆ ಕೊಡುತ್ತಿದ್ದ ಉತ್ತರವೂ ಒಂದೇ, "ಚೆನ್ನಾಗಿತ್ತು." ದಿನವಿಡೀ ಎಂಜಿನ್ನುಗಳ ಗೋಳು ಕೇಳಿ ಬಂದ ಮನುಷ್ಯನಿಗೆ ಮನೆಯಲ್ಲೂ ಎಂಜಿನ್ನಿನ ಗೋಳು ಹೇಳಲು ನನಗೆ ಮನಸ್ಸಾಗುತ್ತಿರಲಿಲ್ಲ. ಅಲ್ಲದೆ ಇಷ್ಟು ವರ್ಷ ಇಲ್ಲಿದ್ದು ನನಗೂ ಈ ಊರಿನ ಗಾಳಿ ತಗುಲಿದೆ. ಇಲ್ಲಿ ಯಾರೂ ಯಾರಿಗೂ ತೊಂದರೆ ಕೊಡುವುದಿಲ್ಲ, ಕಾಲು ತುಳಿಸಿಕೊಂಡವರೇ ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತಾರೆ. ನಮ್ಮವರೂ ಹಾಗೆಯೇ ಆಗಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಸದ್ದಿಲ್ಲದೆ ಕೆಳಗಿಳಿದು ಕಾರಿನಲ್ಲಿ ಕೂರುತ್ತಿದ್ದರು, ಎರಡು ಸುತ್ತು ಹೋಗಿ ಬಂದು ಮತ್ತೆ ಕೂರುತ್ತಿದ್ದರು. ಅದೇ ಹೊತ್ತಿಗೆ ನಮ್ಮತ್ತೆಯ ವಿಡಿಯೋ ಕಾಲ್ ಬರುತ್ತದೆ. ಗಲಾಟೆಯಿಲ್ಲದೆ ಆಫೀಸಿನ ಕೆಲಸ ಮಾಡಿಕೊಳ್ಳುತ್ತಿದ್ದಾರೆ ಎಂದು ತಿಳಿದು ನಾನೂ ತೊಂದರೆ ಕೊಡಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮವರ ಮುಖ ಇಳಿಯಿತು. ಊಟದ ತಟ್ಟೆಯ ಮುಂದೆ ಕೂತು ಕಿವಿಯನ್ನು ಉಜ್ಜಿಕೊಳ್ಳುತ್ತಿದ್ದರು. ಒಂದು ರಾತ್ರಿ ಕೇಳಿಯೇಬಿಟ್ಟೆ. "ಆ ಎಂಜಿನ್ ನಂಗೆ ಅರ್ಥಾನೇ ಆಗ್ತಿಲ್ಲ ಕಣೆ" ಎಂದರು. "ಈ ವಾರ ಸರಿ ಇರತ್ತೆ, ಮುಂದಿನ ವಾರ ನಾಕ್ ಆಗತ್ತೆ. ಆಫೀಸಲ್ಲಿ ಎಲ್ರಿಗೂ ಇದನ್ನೇ ಹೇಳ್ಕೊಡೋನು ನಾನು. ಮನೆ ಕಾರನ್ನೇ ನೆಟ್ಟಗೆ ಮಾಡಕ್ಕೆ ಆಗಲ್ಲ ಅಂದ್ರೆ, ಇಷ್ಟು ವರ್ಷ ನಾನು ಏನು ಕಿಸಿದೆ ಹೇಳು." ನನಗೆ ಸಂಕಟವಾಯಿತು. ಹದಿನೈದು ವರ್ಷದಲ್ಲಿ ಅವರು ತಮ್ಮ ಕೆಲಸದ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹುಳಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಮರೆತು ನಿಂತಾಗ ನನಗೆ ಆಗುವುದೇ ಅವರಿಗೂ ಆಗಿದೆ ಅನ್ನಿಸಿ, ಸಮಾಧಾನ ಹೇಳಲು ಹೋಗಿ, "ಕಾರೇನೋ ಚೆನ್ನಾಗೇ ಇದೆಯಲ್ಲ" ಎಂದೆ. ಅವರು ಇನ್ನಷ್ಟು ಕುಗ್ಗಿದರು. ಎಂಜಿನ್ನು ಸವೆದುಹೋಗಿದೆ, ಇಲ್ಲವೇ ತಮ್ಮ ಕಿವಿ ಸವೆದುಹೋಗಿದೆ, ಎರಡರಲ್ಲಿ ಒಂದು ಎಂದು ತೀರ್ಮಾನಿಸಿ, "ಮಾರಿಬಿಡೋಣ. ನಕಾನೋ-ಸಾನ್ ತಗೋತೀನಿ ಅಂದಿದ್ದಾರೆ. ನಿಂಗೂ ಇಷ್ಟ ಇರಲಿಲ್ಲವಲ್ಲ" ಎಂದರು.

ಸಮುದ್ರದ ಪಕ್ಕದ ರಸ್ತೆ ಕಣ್ಣ ಮುಂದೆ ಬಂತು. ಬೇಡ ಎನ್ನಲು ಬಾಯಿ ತೆರೆದೆ. "ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂಬ ಮಾತು ಹೊರಗೆ ಬಂತು. ಇಂಥ ವೇಳೆಯಲ್ಲಿ ನನ್ನ ಬಾಯಿ ಯಾವಾಗಲೂ ನನ್ನ ಕೈ ಬಿಡುತ್ತದೆ.

ನಕಾನೋ-ಸಾನ್, ಅಂದರೆ ನಕಾನೋ ಅವರು, ನಮ್ಮವರ ಆಫೀಸಿನ ಹಿರಿಯರು. ಎಂಜಿನ್ನಿನ ಸದ್ದು ಕೇಳಿ ಅದರ ಜಾತಕ ಹೇಳುವವರೆಂದು ನಮ್ಮವರು ಅವರನ್ನು ಬಹಳ ಗೌರವದಿಂದ ಕಾಣುತ್ತಾರೆ. ಆ ಭಾನುವಾರ ಅವರು ಚೆನ್ನಾಗಿ ಸುತ್ತಿದ ಸಿಹಿಯ ಡಬ್ಬಿಯೊಂದಿಗೆ ಬಂದರು, ಚಪ್ಪಲಿಯನ್ನು ಬಾಗಿಲಿನ ಕಡೆಗೆ ತಿರುಗಿಸಿಟ್ಟರು, ನಾನು ಕೊಟ್ಟ ಕಾಫಿಯನ್ನು ಹೊಗಳಿದರು. ಹೆಣ್ಣು ನೋಡಲು ಬಂದವರ ಎದುರು ಕೂತ ಹಾಗಾಗಿತ್ತು ನನಗೆ. ಮೂವರೂ ಕಾರಿನಲ್ಲಿ ಹೊರಟೆವು. ದಿನಾ ಓಡಿಸುವವರೇ ಓಡಿಸಲಿ ಎಂದು ನಕಾನೋ-ಸಾನ್ ಹೇಳಿದ್ದರಿಂದ ನಾನು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಅವರು, ಹಿಂದಿನ ಇಕ್ಕಟ್ಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ನಮ್ಮವರು. ಆ ದಿನ ಕಾರು ಮಂಕಾಗಿತ್ತು. ಗುಡ್ಡ ಹತ್ತುವಾಗ ಕಿಣಿಕಿಣಿಯೂ ಕೇಳಿಸಿತು. ನಕಾನೋ-ಸಾನ್ ಕಣ್ಣು ಮುಚ್ಚಿ ತಲೆ ಓರೆ ಮಾಡಿದರು. ಕನ್ನಡಿಯಲ್ಲಿ ನಮ್ಮವರ ಮುಖ ನೋಡಲಾರದೆ ನಾನು ಪೆಟ್ರೋಲಿನ ಮುಳ್ಳು ನೋಡಿದೆ. ತಳ ಮುಟ್ಟಿತ್ತು.

ನಮ್ಮ ಕಡೆ ಯಾರಿಗೂ ಪಾತ್ರೆಯನ್ನು ಖಾಲಿ ಕೊಡುವುದಿಲ್ಲ, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಇಷ್ಟು ದಿನ ನನ್ನನ್ನು ಹೊತ್ತು ತಿರುಗಿದ ಕಾರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ? ಬಂಕಿಗೆ ತಿರುಗಿಸಿದೆ. ಇಲ್ಲಿಯ ಬಂಕಿನಲ್ಲಿ ನಾವೇ ಇಳಿದು ತುಂಬಿಸಿಕೊಳ್ಳಬೇಕು. ಇಳಿದು, ಮುಚ್ಚಳ ತೆಗೆದು, ಪೈಪುಗಳ ಮುಂದೆ ನಿಂತೆ. ಮಂಕಾಗಿದೆ, ಪದ್ಧತಿಯ ಪ್ರಕಾರ ಹಳದಿ. ಆದರೆ ಹೊಸ ಮನೆಗೆ ಹೋಗುತ್ತಿದೆ, ಅಲ್ಲಿಯವರ ರೂಢಿ ಏನೋ. ಹೊರಟ ದಿನವೇ ಹಬ್ಬದೂಟ ಹಾಕಿ ಕಳಿಸಿದರೆ ನಾಳೆಯಿಂದ ಅವರಿಗೆ ಕಷ್ಟವಾಗಬಹುದು. ಅತಿಥಿಯನ್ನು ಕೇಳಿ ಮಾಡುವುದೇ ಒಳ್ಳೆಯದೆನ್ನಿಸಿ, ಕಿಟಕಿಗೆ ಬಗ್ಗಿ, ಕಾಫಿಯೋ ಟೀಯೋ ಎಂದು ಕೇಳುವಷ್ಟೇ ವಿನಯದಿಂದ ನನ್ನ ಹರಕು ಜಪಾನಿಯಲ್ಲಿ ಕೇಳಿದೆ, "ನಕಾನೋ-ಸಾನ್, ನಿಮಗೆ ಯಾವುದು ಇಷ್ಟ? ಕೆಂಪೋ, ಹಳದಿಯೋ?"

ನಕಾನೋ-ಸಾನ್ ಹಲ್ಲಿನ ಸಂದಿಯಿಂದ ಸ್ಸ್ ಎಂದು ನಿಧಾನವಾಗಿ ಗಾಳಿ ಎಳೆದುಕೊಂಡರು. ಹಿಂದಿನ ಸೀಟಿನಿಂದ ನಮ್ಮವರ ದನಿ ಬಂತು. "ಕೆಂಪು ಅಂದ್ರೆ? ನೀನು ಯಾವಾಗ್ಲೂ ಹಳದೀನೇ ತಾನೇ ಹಾಕೋದು?"

"ಮಂಕಾಗಿದ್ದಾಗ ಹಾಕ್ತೀನಿ" ಎಂದೆ.

"ಇಲ್ಲದಿದ್ದಾಗ?"

"ಚೆನ್ನಾಗಿರೋದಕ್ಕೆ ಟಾನಿಕ್ ಯಾಕ್ರೀ?"

ನಮ್ಮವರು ಹಿಂದಿನ ಸೀಟಿನಿಂದ ಹೊರಬರಲು ನೋಡಿದರು, ಆ ಕಾರಿನಲ್ಲಿ ಅದು ಅಷ್ಟು ಸುಲಭವಲ್ಲ. ಕೂತಲ್ಲಿಂದಲೇ ತಲೆ ಹಿಡಿದುಕೊಂಡು, "ಅಯ್ಯೋ, ನಾನು ಪ್ರತಿ ಭಾನುವಾರ ಒಳಗಿರೋ ಪೆಟ್ರೋಲ್ ಕೇಳಿಸ್ಕೊಂಡು ಟ್ಯೂನ್ ಮಾಡ್ತಿದ್ನಲ್ಲೇ" ಎಂದರು. ಈಗ ಬಾಯಿ ಬಿಟ್ಟುಕೊಂಡು ನೋಡುವ ಸರದಿ ನನ್ನದು. ಅತ್ತೆಯ ಫೋನಿನಿಂದ ತಪ್ಪಿಸಿಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದಾರೆಂದು ನಾನು ತಿಳಿದಿದ್ದ ಮನುಷ್ಯ, ಸ್ಟೀರಿಂಗಿನ ಕೆಳಗೆ ಕೇಬಲ್ ಚುಚ್ಚಿ, ಎಂಜಿನ್ನಿನ ಸ್ಪಾರ್ಕನ್ನೂ ಟರ್ಬೋವನ್ನೂ ಹಿಂದೆ ಮುಂದೆ ಮಾಡುತ್ತಿದ್ದರು. ನಾನು ಕೆಂಪು ಹಾಕಿದ ವಾರ ಕಿಣಿಕಿಣಿ ಕೇಳಿ ಅವರು ಎಲ್ಲವನ್ನೂ ತಗ್ಗಿಸುತ್ತಿದ್ದರು, ಕಾರು ಮಂಕಾಗುತ್ತಿತ್ತು. ಮಂಕಾಯಿತೆಂದು ನಾನು ಹಳದಿ ಹಾಕುತ್ತಿದ್ದೆ. ಕಿಣಿಕಿಣಿ ನಿಂತಿತೆಂದು ಅವರು ಮತ್ತೆ ಏರಿಸುತ್ತಿದ್ದರು, ಸೋಮವಾರ ಹುಲಿಯಾಗುತ್ತಿತ್ತು. ಹುಲಿಯಾಯಿತೆಂದು ನಾನು ಕೆಂಪಿಗೆ ಇಳಿಯುತ್ತಿದ್ದೆ. ಒಬ್ಬರಿಗೊಬ್ಬರು ತೊಂದರೆ ಕೊಡದೆ ಎಷ್ಟೋ ತಿಂಗಳು ನಾವಿಬ್ಬರೂ ಒಂದೇ ಹುಳಿಗೆ ಉಪ್ಪು ಹಾಕುತ್ತಲೂ ನೀರು ಹೊಯ್ಯುತ್ತಲೂ ಇದ್ದೆವು.

ನಕಾನೋ-ಸಾನ್‌ಗೆ ನಮ್ಮವರು ತಡವರಿಸುತ್ತಾ ಎಲ್ಲವನ್ನೂ ಜಪಾನಿಯಲ್ಲಿ ಹೇಳಿದರು. ಅವರು ಗಂಭೀರವಾಗಿ ಕೇಳಿಸಿಕೊಂಡು, ಎಂಜಿನ್ನೂ ಚೆನ್ನಾಗಿದೆ, ಸುಧೀಂದ್ರ-ಸಾನ್ ಕಿವಿಯೂ ಚೆನ್ನಾಗಿದೆ, ಪ್ರತಿ ವಾರವೂ ಸರಿಯಾದುದನ್ನೇ ಕೇಳಿಸಿಕೊಂಡಿದ್ದಾರೆ ಎಂದರು. ನಮ್ಮವರ ಕಣ್ಣು ಒದ್ದೆಯಾದದ್ದನ್ನು ನಾನು ಕಿಟಕಿಯಿಂದ ನೋಡಿದೆ, ಅವರು ಕನ್ನಡಕ ಒರೆಸುವ ನೆಪ ಮಾಡಿದರು. ಆಮೇಲೆ ನಕಾನೋ-ಸಾನ್ ಒಂದೇ ಒಂದು ಪ್ರಶ್ನೆ ಕೇಳಿದರು: ದಿನಾ ಓಡಿಸುವವರು ಏನು ಹೇಳುತ್ತಿದ್ದರು? "ಯಾವಾಗ್ಲೂ ಚೆನ್ನಾಗಿತ್ತು ಅಂತಿದ್ಲು" ಎಂದು ನಮ್ಮವರು ಹೇಳಿದ್ದು ನನಗೂ ತಿಳಿಯಿತು. ನಕಾನೋ-ಸಾನ್, "ನಮ್ಮಲ್ಲಿ ಏನೇ ಬದಲಾದರೂ ಒಂದೇ ರೀಡಿಂಗ್ ತೋರಿಸುವ ಸೆನ್ಸರ್ ಸಿಕ್ಕರೆ ಮೊದಲು ಅದನ್ನೇ ಬಿಚ್ಚಿ ನೋಡುತ್ತೇವೆ" ಎಂದರು. ಹೇಳಿದ ಮರುಕ್ಷಣ ಏನು ಹೇಳಿದೆನೆಂದು ಹೊಳೆದು, ಸೀಟ್‌ಬೆಲ್ಟ್ ಕಟ್ಟಿಕೊಂಡೇ ಎಷ್ಟು ಬಗ್ಗಲು ಸಾಧ್ಯವೋ ಅಷ್ಟು ಬಗ್ಗಿ ನನ್ನ ಕ್ಷಮೆ ಕೇಳಿದರು. ಅವರು ಕಾರನ್ನು ಕೊಳ್ಳಲಿಲ್ಲ. ಒಂದೇ ಪೆಟ್ರೋಲು ಹಾಕಿ, ಒಂದೇ ಟ್ಯೂನಿಂಗಿನಲ್ಲಿಟ್ಟು, ಆಮೇಲೂ ಮಾರಬೇಕೆನಿಸಿದರೆ ಹೇಳಿ ಎಂದು ಟ್ರೇನು ಹತ್ತಿದರು. ಅವತ್ತು ನಾನು ಧೈರ್ಯ ಮಾಡಿ, "ಮಾರೋದು ಬೇಡಾರೀ, ನಂಗದು ಬೇಕು" ಎಂದೆ. ಸಮುದ್ರದ ರಸ್ತೆಯ ವಿಷಯವನ್ನೂ ಹೇಳಿದೆ. ನಮ್ಮವರು ನನ್ನನ್ನು ಆಗತಾನೇ ಟ್ರೇನಿನಲ್ಲಿ ಪರಿಚಯವಾದವರನ್ನು ನೋಡುವ ಹಾಗೆ ನೋಡಿದರು.

ಈಗ ಕಾರಿಗೆ ಬರೀ ಹಳದಿ ಪೈಪು. ಲ್ಯಾಪ್‌ಟಾಪ್ ಕಪಾಟಿನಲ್ಲಿ. ಭಾನುವಾರ ಮಧ್ಯಾಹ್ನ ನಮ್ಮವರೂ ಅತ್ತೆಯ ವಿಡಿಯೋ ಕಾಲಿಗೆ ಕೂರುತ್ತಾರೆ. ನಾನು ಸರಿಯಾದ ರೀಡಿಂಗ್ ಕೊಡುವುದೆಂದು ಒಪ್ಪಂದವಾಗಿದೆ. ಕಾರು ಸೋಮವಾರವೂ ಶುಕ್ರವಾರವೂ ಒಂದೇ ಥರ ಓಡುತ್ತದೆ. ಇಲ್ಲಿಗೆ ನನ್ನ ಗೊಂದಲ ಮುಗಿಯಬೇಕಿತ್ತು. ಆದರೆ ಮೊನ್ನೆ ಗುಡ್ಡ ಹತ್ತುವಾಗ ಮತ್ತೆ ಅದೇ ಮಂಕು. ಪೆಟ್ರೋಲು ಅದೇ, ಟ್ಯೂನಿಂಗು ಅದೇ, ಕಿಣಿಕಿಣಿಯೂ ಇಲ್ಲ. ಸಂಜೆ ನಮ್ಮವರು ಟೈ ಬಿಚ್ಚುತ್ತಾ, "ಕಾರ್ ಹೇಗಿತ್ತು?" ಎಂದರು. ಒಪ್ಪಂದದ ಪ್ರಕಾರ, "ಮಂಕಾಗಿತ್ತು" ಎಂದೆ. ಅವರು ಗಾಬರಿಯಾಗಿ ಕಪಾಟಿನಿಂದ ಲ್ಯಾಪ್‌ಟಾಪನ್ನೂ ಕೇಬಲನ್ನೂ ತೆಗೆದುಕೊಂಡು ಬಂದರು.

"ಕಾರಲ್ಲಾರೀ" ಎಂದೆ. "ನಾನು."

ನಮ್ಮವರು ಕೇಬಲ್ ಹಿಡಿದುಕೊಂಡು ನಿಂತೇ ಇದ್ದರು. ಅದನ್ನು ಎಲ್ಲಿಗೆ ಚುಚ್ಚಬೇಕೆಂದು ಅವರಿಗೆ ತಿಳಿಯಲಿಲ್ಲ. ಹೇಳಿಕೊಡೋಣವೆಂದರೆ ನನಗೂ ಗೊತ್ತಿರಲಿಲ್ಲ.